ಮನೆದೇವರು ಕೇಳದ ಮನೆ

ಹಾಲೆಂಡಿನ ಹಳ್ಳಿಗಳನ್ನು ನೋಡಿಕೊಂಡು ಬಂದ ನಮ್ಮವರು ಊರಿಗೆ ಮರಳಿ ಹೇಳುವುದು ಎರಡೇ ಮಾತು. ಒಂದು, "ಅಬ್ಬಾ, ಏನು ನಿಶ್ಶಬ್ದ ಅಂತೀರಿ, ಎಲೆ ಬಿದ್ದರೂ ಕೇಳಿಸುತ್ತೆ!" ಇನ್ನೊಂದು, "ಆದರೆ ನಮ್ಮ ಹಾಗೆ ಜನ ಬಳಕೆ ಇಲ್ಲ ಬಿಡಿ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳೋರಿಲ್ಲ." ಮಗಳ ಬಾಣಂತನಕ್ಕೆಂದು ಬಂದು ವೀಸಾದ ಮೂರು ತಿಂಗಳು ಮುಗಿಸಿಕೊಂಡು ಹೋಗುವ ತಾಯಂದಿರಂತೂ ಎರಡನೆಯ ಮಾತನ್ನು ಕಣ್ಣೀರು ಹಾಕಿಕೊಂಡೇ ಹೇಳುತ್ತಾರೆ. ಕೇಳುವವರು ಹೌದು ಹೌದೆಂದು ತಲೆಯಾಡಿಸುತ್ತಾರೆ. ನಮ್ಮ ದೇಶದ ಗದ್ದಲವೇ ಮೇಲು, ಅದರಲ್ಲಿ ಪ್ರೀತಿ ಇದೆ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಈ ಎರಡು ಮಾತಿನ ಮೇಲೂ ನನ್ನ ತಕರಾರಿದೆ. ಆ ಮೌನ ಅವರ ರಕ್ತದಲ್ಲಿ ಬಂದದ್ದಲ್ಲ, ಚಳಿಯಿಂದ ಬಂದದ್ದೂ ಅಲ್ಲ. ಅದರ ಬಹುಪಾಲು ಬಂದಿರುವುದು ಕಾಗದದಿಂದ. ಬಾಡಿಗೆಯ ಕರಾರುಪತ್ರದಿಂದ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗೆಯಲ್ಲಿ. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷಗಳಲ್ಲಿ ಏಳು ಬಾಡಿಗೆ ಮನೆ ಬದಲಿಸಿದವಳು. ಯಜಮಾನರಿಗೆ ಈ ಇಳಿವಯಸ್ಸಿನ ಹೊಸ್ತಿಲಲ್ಲಿ ಫೆಲ್ಟ್‌ಹೋವೆನ್ ಎಂಬ ಊರಿನ ಚಿಪ್ಪು ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, 2025ರ ಫೆಬ್ರುವರಿಯಲ್ಲಿ ನಾವು ಐಂಡ್‌ಹೋವೆನ್ ನಗರದ ಪಕ್ಕದ ನ್ಯೂನೆನ್ ಎಂಬ ಹಳ್ಳಿಯಲ್ಲಿ ಎಂಟನೆಯ ಬಾಡಿಗೆ ಮನೆ ಹೂಡಿದೆವು. ಹಾಲೆಂಡ್ ಎಂದು ಬರೆದದ್ದನ್ನು ಇಲ್ಲಿಯವರು ಓದಿದರೆ ಮುಖ ಸಿಂಡರಿಸುತ್ತಾರೆ. ಹಾಲೆಂಡ್ ಎಂಬುದು ಪಶ್ಚಿಮದ ಎರಡು ಪ್ರಾಂತ್ಯಗಳ ಹೆಸರು, ನಾವಿರುವುದು ದಕ್ಷಿಣದ ಬ್ರಾಬಾಂಟ್. ಮೈಸೂರಿನವರನ್ನು ಮದರಾಸಿ ಎಂದರೆ ನಮಗೆ ಆಗುವಂಥದ್ದೇ ಸಂಕಟ.

ಏಳು ಮನೆಗಳಲ್ಲೂ ನನಗೆ ಕೇಳಿದ ಪ್ರಶ್ನೆಗಳ ಪಟ್ಟಿ ಕೊಡುವ ಅಗತ್ಯವಿಲ್ಲ, ನಿಮಗೆಲ್ಲ ಬಾಯಿಪಾಠವಾಗಿರುತ್ತದೆ. ಜಾತಿಯನ್ನು ನೇರವಾಗಿ ಕೇಳುವಷ್ಟು ಅಸಭ್ಯರು ನಮ್ಮ ಮಲೆನಾಡಿನಲ್ಲಿ ಕಡಿಮೆ. "ನಿಮ್ಮ ಮನೆದೇವರು ಯಾವುದಮ್ಮ?" ಎಂದು ಭಕ್ತಿಯಿಂದ ಕೇಳುತ್ತಾರೆ. ಮನೆದೇವರ ಹೆಸರು ಹೇಳಿದರೆ ಮುಗಿಯಿತು, ಅಡುಗೆಮನೆಯಲ್ಲಿ ಏನು ಬೇಯುತ್ತದೆ, ಹಬ್ಬಕ್ಕೆ ಯಾರು ಬರುತ್ತಾರೆ, ಮಗಳನ್ನು ಎಲ್ಲಿಗೆ ಕೊಡುತ್ತೀರಿ, ಎಲ್ಲವೂ ಅವರಿಗೆ ತಿಳಿದ ಹಾಗೆ. ಆಮೇಲೆ ಮನೆಯೊಳಗೆ ಕಾಲಿಟ್ಟ ಮೇಲಿನದು ಬೇರೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ರಾತ್ರಿ ಒಂಬತ್ತರ ಮೇಲೆ ಮಿಕ್ಸಿ ಹಾಕುವಂತಿಲ್ಲ. ನಲ್ಲಿಯ ನೀರು ಬಿಡುವುದು ಓನರಮ್ಮನ ಕೈಯಲ್ಲಿ. ತಮ್ಮ ಬಂದು ನಾಲ್ಕು ದಿನ ಉಳಿದರೆ, "ಅವರು ನಿಮ್ಮ ಸ್ವಂತ ತಮ್ಮನಾ, ದೊಡ್ಡಪ್ಪನ ಮಗನಾ?" ಎಂಬ ವಿಚಾರಣೆ. ಇದನ್ನೇ ನಾವು ಜನ ಬಳಕೆ ಎನ್ನುತ್ತೇವೆ.

ಬ್ರಾಬಾಂಟಿನ ಹಳ್ಳಿಯಲ್ಲಿ ಏನೂ ಕೇಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಬಳದ ಚೀಟಿ ಕೇಳಿದರು. ತಿಂಗಳ ಆದಾಯ ಬಾಡಿಗೆಯ ಮೂರು ಪಟ್ಟು ಇರಬೇಕೆಂಬುದು ಇಲ್ಲಿ ಸಾಮಾನ್ಯ ಷರತ್ತು. ಇದಕ್ಕೂ ಮೊದಲು ಬೇರೊಂದು ಹಳ್ಳಿಯಲ್ಲಿ ನೋಡಿದ ಮನೆಯ ದಲ್ಲಾಳಿ, ನಮ್ಮ ಹೆಸರು ಕೇಳಿದ ಮೇಲೆ, ನಗುನಗುತ್ತಲೇ, "ನೀವು ಮಸಾಲೆ ತುಂಬಾ ಹುರಿಯುತ್ತೀರೇನು? ಗೋಡೆಗೆ ವಾಸನೆ ಹಿಡಿಯುತ್ತದೆ" ಎಂದದ್ದೂ ಉಂಟು. ಆ ಮನೆ ನಮಗೆ ಸಿಗಲಿಲ್ಲ. ಆದರೆ 2023ರ ಜುಲೈಯಿಂದ ಇಲ್ಲಿ ಒಂದು ಕಾಯಿದೆ ಇದೆ. ಒಳ್ಳೆಯ ಮಾಲೀಕತ್ವದ ಕಾಯಿದೆ ಎಂದು ಅದರ ಹೆಸರು. ಹೆಸರೇ ಎಷ್ಟು ಚೆಂದ ನೋಡಿ. ಬಾಡಿಗೆದಾರರನ್ನು ಯಾವ ಆಧಾರದ ಮೇಲೆ ಆರಿಸುತ್ತೇವೆಂದು ಮೊದಲೇ ಹೇಳಬೇಕು, ಯಾರಿಗೆ ಕೊಟ್ಟೆವು ಯಾಕೆ ಕೊಟ್ಟೆವು ಎಂದು ಸಿಗದವರಿಗೆ ತಿಳಿಸಬೇಕು. ಮುಂಗಡ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಟ್ಟವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬಹುದು. ಪಕ್ಷಪಾತವಾಯಿತು ಎನ್ನಿಸಿದವರು ದೂರು ಕೊಡಲು ಪ್ರತಿ ಪೌರಸಭೆಯಲ್ಲೂ ಒಂದು ಕಿಟಕಿ ಇರಬೇಕು. ನಮ್ಮ ಯಜಮಾನರು ಕಾರಣ ಕೇಳಿ ಬರೆದರು. ಇನ್ನೊಬ್ಬರು ನಮಗಿಂತ ಮೊದಲು ಅರ್ಜಿ ಹಾಕಿದ್ದರು ಎಂದು ಎರಡೇ ದಿನದಲ್ಲಿ ಉತ್ತರ ಬಂತು. ಆ ಕಾರಣ ಸುಳ್ಳೇ ಇರಬಹುದು. ಆದರೆ ಆ ಮನುಷ್ಯ ಕೂತು ಅದನ್ನು ಬರೆಯಬೇಕಾಯಿತು. "ವಾಸನೆ" ಎಂಬ ಪದವನ್ನು ಬರವಣಿಗೆಯಲ್ಲಿ ತರುವ ಧೈರ್ಯ ಅವನಿಗೆ ಇರಲಿಲ್ಲ.

ನ್ಯೂನೆನ್ನಿನ ಮನೆಯ ಕರಾರಿನ ಜೊತೆ ಒಂದು ಅಂಕಪಟ್ಟಿ ಬಂತು. ಯಾರ ಅಂಕಪಟ್ಟಿ ಎಂದುಕೊಂಡಿರಿ? ಮನೆಯದು. ಇಲ್ಲಿ ಬಾಡಿಗೆ ನಿಗದಿಯಾಗುವುದು ಮಾಲೀಕರ ಬಾಯಿಗೆ ಬಂದಂತಲ್ಲ. ಕೋಣೆಯ ಒಂದೊಂದು ಚದರ ಮೀಟರಿಗೂ ಒಂದು ಅಂಕ. ಸ್ನಾನಕ್ಕೆ ಷವರ್ ಇದ್ದರೆ ಇಷ್ಟು, ತೊಟ್ಟಿ ಇದ್ದರೆ ಇಷ್ಟು. ಚಳಿಯಲ್ಲಿ ಶಾಖ ಸೋರುವ ಹಳೇ ಮನೆಯಾದರೆ ಅಂಕ ಕಳೆಯುತ್ತಾರೆ. ಅಂಗಳವಾಗಲಿ ಬಾಲ್ಕನಿಯಾಗಲಿ ಇಲ್ಲದಿದ್ದರೆ 2025ರಲ್ಲಿ ಐದು ಅಂಕ ಕಡಿಮೆ ಮಾಡುತ್ತಿದ್ದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಡುಗೆಮನೆಯ ಲೆಕ್ಕ. ಅಡುಗೆ ಕಟ್ಟೆಯ ಉದ್ದ ಒಂದರಿಂದ ಎರಡು ಮೀಟರ್ ಇದ್ದರೆ ನಾಲ್ಕು ಅಂಕ, ಎರಡು ಮೀಟರಿಗಿಂತ ಹೆಚ್ಚಿದ್ದರೆ ಏಳು, ಒಂದು ಮೀಟರೂ ಇಲ್ಲದಿದ್ದರೆ ಸೊನ್ನೆ. ಶಿವಮೊಗ್ಗೆಯ ನನ್ನ ಮೂರನೆಯ ಮನೆಯಲ್ಲಿ ಸ್ಟೌ ಇಟ್ಟ ಮೇಲೆ ಕಟ್ಟೆಯ ಮೇಲೆ ಈಳಿಗೆಮಣೆಗೂ ಜಾಗ ಉಳಿಯುತ್ತಿರಲಿಲ್ಲ. ಆರು ವರ್ಷ ನೆಲದ ಮೇಲೆ ಕೂತು ಹೆಚ್ಚಿದೆ. ಆ ಮನೆಗೆ ಸೊನ್ನೆ ಹಾಕುವ ಒಬ್ಬ ಅಧಿಕಾರಿ ಜಗತ್ತಿನಲ್ಲಿ ಎಲ್ಲೋ ಇದ್ದಾನೆಂದು ಆಗ ಗೊತ್ತಿದ್ದರೆ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂಕಗಳನ್ನು ಕೂಡಿಸಿದರೆ ಬಾಡಿಗೆಯ ಮೇಲ್ಮಿತಿ ಸಿಗುತ್ತದೆ. ಈ ಲೆಕ್ಕ ಬಹುಕಾಲ ಬಡವರ ಮನೆಗಳಿಗೆ ಮಾತ್ರ ಇತ್ತು. 2024ರ ಜುಲೈ 1ರಿಂದ ಮಧ್ಯಮ ವರ್ಗದ ಮನೆಗಳಿಗೂ, 186 ಅಂಕದವರೆಗೆ ವಿಸ್ತರಿಸಿದರು. 2025ರಲ್ಲಿ 186 ಅಂಕದ ಮನೆಗೆ ಗರಿಷ್ಠ ಬಾಡಿಗೆ ಸುಮಾರು 1,185 ಯೂರೋ. ಅದಕ್ಕಿಂತ ಹೆಚ್ಚು ಅಂಕದ ಮನೆಗಳಿಗೆ ಮಿತಿಯಿಲ್ಲ. ಲೆಕ್ಕ ತಪ್ಪೆನಿಸಿದರೆ ಬಾಡಿಗೆ ಆಯೋಗಕ್ಕೆ ಹೋಗಬಹುದು, ಶುಲ್ಕ 25 ಯೂರೋ, ಗೆದ್ದರೆ ಅದೂ ವಾಪಸು. ಅದೇ ದಿನದಿಂದ ಇನ್ನೊಂದು ಕಾಯಿದೆಯೂ ಬಂತು. ಕೆಲವು ವಿಶೇಷ ಸಂದರ್ಭ ಬಿಟ್ಟರೆ ಬಾಡಿಗೆ ಕರಾರಿಗೆ ಕೊನೆಯ ದಿನಾಂಕ ಹಾಕುವಂತಿಲ್ಲ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ಯಾಕೆ ಹುಟ್ಟಿತು ನಿಮಗೆ ಗೊತ್ತೇ? ಒಂದು ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯಿದೆಯ ಪ್ರಕಾರ ಅದನ್ನು ನೋಂದಾಯಿಸಬೇಕು. ಅದನ್ನು ತಪ್ಪಿಸಲು ವರ್ಷಕ್ಕೆ ಒಂದು ತಿಂಗಳು ಕಡಿಮೆ ಮಾಡಿದೆವು. ಹೆಂಗಸಿನ ಸಂಸಾರ ಹನ್ನೊಂದು ತಿಂಗಳಿಗೊಮ್ಮೆ ಅಲ್ಲಾಡುತ್ತದೆ ಎಂಬುದು ಯಾರ ಲೆಕ್ಕದಲ್ಲೂ ಬರಲಿಲ್ಲ.

ಕರಾರು ಕೈಗೆ ಬಂದ ದಿನ ಮನೆ ನೋಡಿ ನನಗೆ ನಗುವೇ ಬಂತು. ನೆಲವಿಲ್ಲ! ಬರೀ ಸಿಮೆಂಟು. ಹಿಂದಿನ ಬಾಡಿಗೆದಾರರು ಹೋಗುವಾಗ ನೆಲದ ಹಾಸನ್ನು ಕಿತ್ತುಕೊಂಡು ಹೋಗಿದ್ದರು. ಪರದೆಯ ಕಂಬಿಯಿಲ್ಲ, ದೀಪವಿಲ್ಲ, ಛಾವಣಿಯಿಂದ ವೈರುಗಳು ಬಳ್ಳಿಯ ಹಾಗೆ ಜೋತು ಬಿದ್ದಿದ್ದವು. ಇದಕ್ಕೆ 'ಬೋಳು ಮನೆ' ಎಂದೇ ಇಲ್ಲಿ ಹೆಸರು. ಖರ್ಚೇನೋ ಆಯಿತು. ಆದರೆ ಆ ಬೋಳು ಗೋಡೆಗೆ ಮೊಳೆ ಹೊಡೆಯಲು ನಾನು ಯಾರನ್ನೂ ಕೇಳಲಿಲ್ಲ. ಮೊದಲ ದಿನವೇ ಐದು ಹೊಡೆದೆ. ಎರಡಕ್ಕೆ ತೂಗುಹಾಕಲು ಏನೂ ಇರಲಿಲ್ಲ, ಸುಮ್ಮನೆ ಹೊಡೆದೆ.

ಮಾಲೀಕರು ಅದೇ ಹಳ್ಳಿಯ ಒಬ್ಬ ವೃದ್ಧೆ. ವರ್ಷಕ್ಕೊಮ್ಮೆ ಬಿಸಿನೀರಿನ ಯಂತ್ರ ತೋರಿಸಲು ಮೆಕ್ಯಾನಿಕ್ಕನ್ನು ಕರೆತರಬೇಕಿತ್ತು. ಹತ್ತು ದಿನ ಮೊದಲು ಕಾಗದ ಬರೆದರು. ಬಂದು ಗಂಟೆ ಒತ್ತಿ, ನಾನು ಬನ್ನಿ ಎನ್ನುವವರೆಗೆ ಹೊಸ್ತಿಲ ಹೊರಗೆ ಮಳೆಯಲ್ಲಿ ನಿಂತರು. ಅವರ ಗಂಡ ಕಟ್ಟಿಸಿದ ಮನೆ ಅದು! ನನಗೆ ಸಂಕೋಚವಾಗಿ, "ನಿಮ್ಮ ಮನೆಯಲ್ಲವೇ, ಒಳಗೆ ಬರಬಾರದೇ?" ಎಂದೆ. ಅವರಿಗೆ ನನ್ನ ಮಾತೇ ಅರ್ಥವಾಗಲಿಲ್ಲ. "ಮನೆ ನನ್ನದು, ಆದರೆ ವಾಸ ನಿಮ್ಮದಲ್ಲವೇ?" ಎಂದರು. ಮನೆ ಬೇರೆ ವಾಸ ಬೇರೆ ಎಂಬ ಈ ಸೂಕ್ಷ್ಮ ನಮ್ಮ ಊರಿನಲ್ಲಿ ಪದವಿ ಪಡೆದವರಿಗೂ ತಿಳಿದಂತಿಲ್ಲ. ಬಾಗಿಲು ತಟ್ಟದೆ ಒಳಗೆ ಬಂದು, ಫ್ರಿಜ್ಜಿನ ಮೇಲೆ ಕೈಯಾಡಿಸಿ ಧೂಳು ನೋಡಿದ ಓನರಮ್ಮ ನನಗೆ ಸಿಕ್ಕಿದ್ದರು. ಅವರು ಎಂ.ಎ. ಮಾಡಿದವರು.

"ಅವರು ಹುಟ್ಟಾ ಹಾಗೇ ಇದ್ದಾರೆ, ನಮ್ಮ ಸಂಸ್ಕೃತಿ ಬೇರೆ" ಎಂದು ಈಗ ನೀವು ಹೇಳಬಹುದು. ಇದೊಂದು ಮಾತಿಗೆ ನನಗೆ ಸಿಟ್ಟು ಬರುತ್ತದೆ. ಇವರು ಹುಟ್ಟಾ ಹೇಗಿದ್ದರೆಂದು ನೋಡಲು ಈ ಹಳ್ಳಿಯೇ ಸಾಕು.

ನ್ಯೂನೆನ್ನಿನಲ್ಲಿ ಒಬ್ಬ ಪ್ರಸಿದ್ಧ ಬಾಡಿಗೆದಾರ ಇದ್ದ. ವಿನ್ಸೆಂಟ್ ವ್ಯಾನ್ ಗೋ. 1883ರ ಡಿಸೆಂಬರಿನಲ್ಲಿ ಇಲ್ಲಿಗೆ ಬಂದ. ಅಪ್ಪ ಇಲ್ಲಿಯ ಪುಟ್ಟ ಪ್ರಾಟೆಸ್ಟೆಂಟ್ ಸಭೆಯ ಪಾದ್ರಿ. ಊರಿನ ಹೆಚ್ಚಿನವರು ಕ್ಯಾಥೊಲಿಕರು. ಅಪ್ಪನ ಮನೆಯಲ್ಲಿ ಹೊಂದಿಕೆಯಾಗದೆ 1884ರಲ್ಲಿ ಕ್ಯಾಥೊಲಿಕ್ ಚರ್ಚಿನ ಪರಿಚಾರಕನ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಚಿತ್ರ ಬರೆಯತೊಡಗಿದ. ಆಲೂಗೆಡ್ಡೆ ತಿನ್ನುವ ಬಡ ಕುಟುಂಬದ ಆ ಹೆಸರುವಾಸಿ ಚಿತ್ರ 1885ರಲ್ಲಿ ಬರೆದದ್ದು ಇಲ್ಲಿಯೇ. ಆ ಚಿತ್ರದಲ್ಲಿರುವ ರೈತ ಹುಡುಗಿ, ಗೋರ್ಡಿನಾ ಡಿ ಗ್ರೂಟ್, ಮದುವೆಯಿಲ್ಲದೆ ಬಸಿರಾದಳು. ಊರು ಚಿತ್ರಕಾರನತ್ತ ಬೆರಳು ಮಾಡಿತು. ತಾನಲ್ಲ ಎಂದು ಅವನೆಂದ. ಕ್ಯಾಥೊಲಿಕ್ ಪಾದ್ರಿ ತನ್ನ ಜನಕ್ಕೆ, ಅವನ ಮುಂದೆ ಚಿತ್ರಕ್ಕೆ ಕೂರಬೇಡಿ ಎಂದು ಕಟ್ಟಪ್ಪಣೆ ಮಾಡಿದ. ಚರ್ಚಿನ ಪರಿಚಾರಕನ ಮನೆಯ ಬಾಡಿಗೆದಾರನಿಗೆ ಅಲ್ಲಿ ಎಷ್ಟು ದಿನ ಉಸಿರಾಡಲು ಸಾಧ್ಯ? ಅದೇ ವರ್ಷದ ನವೆಂಬರಿನಲ್ಲಿ ಆಂಟ್‌ವರ್ಪಿಗೆ ಹೊರಟುಹೋದ. ಇಂದು ಊರ ತುಂಬ ಅವನ ಹೆಸರಿನ ಫಲಕಗಳು, ಅವನಿಗೊಂದು ಮ್ಯೂಸಿಯಂ. ಅವನು ನಮ್ಮೂರಿನ ಹೆಮ್ಮೆ ಎಂದು ಹೇಳುವ ಈ ಜನರ ಮುತ್ತಜ್ಜಂದಿರೇ ಅವನ ವಾಸವನ್ನು ಅಸಾಧ್ಯ ಮಾಡಿದವರು. ಗೋರ್ಡಿನಾಳಿಗೆ ಊರು ಬಿಟ್ಟುಹೋಗಲು ಯಾವ ಆಂಟ್‌ವರ್ಪೂ ಇರಲಿಲ್ಲ ಎಂಬುದನ್ನು ಫಲಕಗಳು ಹೇಳುವುದಿಲ್ಲ, ಬಿಡಿ.

ಇದು ಬಹಳ ಹಿಂದಿನ ಕಥೆ ಎಂದೂ ಅನ್ನಬೇಡಿ. ಕಳೆದ ಶತಮಾನದ ಅರವತ್ತರ ದಶಕದವರೆಗೂ ಇಲ್ಲಿ ಕ್ಯಾಥೊಲಿಕರಿಗೆ ಬೇರೆ ಶಾಲೆ, ಪ್ರಾಟೆಸ್ಟೆಂಟರಿಗೆ ಬೇರೆ ಶಾಲೆ, ಬೇರೆ ಪತ್ರಿಕೆ, ಬೇರೆ ಸಂಘ. ಬ್ರೆಡ್ಡನ್ನೂ ತಮ್ಮವರ ಅಂಗಡಿಯಲ್ಲೇ ಕೊಳ್ಳುತ್ತಿದ್ದರಂತೆ. ಎರಡು ಮತ ಒಂದೇ ದಿಂಬಿನ ಮೇಲೆ ಮಲಗಿದರೆ ನಡುವೆ ಸೈತಾನ ಮಲಗುತ್ತಾನೆ ಎಂಬ ಗಾದೆ ಡಚ್ ಭಾಷೆಯಲ್ಲಿದೆ. ನಮ್ಮ ಮನೆದೇವರ ಪ್ರಶ್ನೆಗೂ ಆ ಗಾದೆಗೂ ಯಾವ ವ್ಯತ್ಯಾಸ?

ಹೆಂಗಸರ ಮಾತಿಗೆ ಬಂದರೆ ಇನ್ನೂ ಕಷ್ಟ. 1956ರವರೆಗೆ ಇಲ್ಲಿ ಮದುವೆಯಾದ ಹೆಂಗಸು ಕಾನೂನಿನ ಕಣ್ಣಿನಲ್ಲಿ ಮಗುವಿನ ಸಮ. ಗಂಡನ ಒಪ್ಪಿಗೆಯಿಲ್ಲದೆ ಅವಳ ಸಹಿಗೆ ಬೆಲೆಯಿಲ್ಲ. ಬ್ಯಾಂಕಿನ ಖಾತೆಗೂ ಒಪ್ಪಿಗೆ ಬೇಕು, ಬಾಡಿಗೆ ಕರಾರಿಗೂ ಬೇಕು. ಕಾರಿ ಟೆಂಡೆಲೋ ಎಂಬ ವಕೀಲೆ ಸಂಸತ್ತಿನಲ್ಲಿ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದಳು. 1956ರಲ್ಲಿ ಕಾಯಿದೆ ಬದಲಾಯಿತು, 1957ರ ಜನವರಿ 1ರಂದು ಜಾರಿಗೆ ಬಂತು. ಅಷ್ಟರೊಳಗೆ, 1956ರ ಅಕ್ಟೋಬರಿನಲ್ಲೇ, ಟೆಂಡೆಲೋ ತೀರಿಕೊಂಡಿದ್ದಳು. ನನ್ನ ಮನೆಯ ಮಾಲೀಕಳಾದ ಆ ವೃದ್ಧೆಯ ತಾಯಿ ತನ್ನ ಸಂಸಾರದ ಮೊದಲ ಮನೆಯ ಕರಾರಿಗೆ ಸಹಿ ಹಾಕುವಂತಿರಲಿಲ್ಲ. ಅಂದರೆ ಇದೆಲ್ಲ ಮೊನ್ನೆ ಮೊನ್ನೆಯ ಮಾತು. ಇವರ ಸಂಸ್ಕೃತಿ ಬೇರೆ ಇರಲಿಲ್ಲ. ಜಗಳವಾಡಿ ಕಾನೂನು ಬರೆಸಿಕೊಂಡರು, ಆಮೇಲೆ ಸಂಸ್ಕೃತಿ ಅದರ ಹಿಂದೆ ಬಂತು.

ಈಗಿನ ಕಾನೂನು ಏನು ಹೇಳುತ್ತದೆಂದು ನನಗೆ ತಿಳಿದದ್ದು ಕರಾರಿನ ಅನುವಾದ ಓದುವಾಗ. ಕರಾರು ಯಜಮಾನರೊಬ್ಬರ ಹೆಸರಿನಲ್ಲೇ ಇತ್ತು. ಕೆಲಸ ಅವರದು, ಸಂಬಳದ ಚೀಟಿ ಅವರದು. ನನ್ನ ಹೆಸರೂ ಸೇರಿಸಬೇಕೇ ಎಂದು ಕೇಳಿಸಿದೆ. ಬೇಕಾಗಿಲ್ಲ ಎಂದರು. ನಾನು ಹುಬ್ಬು ಗಂಟಿಕ್ಕಿದೆ. ಆಗ ವಿವರಿಸಿದರು: ಡಚ್ ಸಿವಿಲ್ ಸಂಹಿತೆಯ ಏಳನೆಯ ಭಾಗ, 266ನೆಯ ಕಲಮು. ಬಾಡಿಗೆದಾರರ ಹೆಂಡತಿ ಅಥವಾ ಗಂಡ ಆ ಮನೆಯಲ್ಲಿ ವಾಸವಿದ್ದರೆ ಸಾಕು, ಕರಾರಿನಲ್ಲಿ ಹೆಸರಿರಲಿ ಬಿಡಲಿ, ತಾನಾಗಿಯೇ ಸಹ-ಬಾಡಿಗೆದಾರರು. ಗಂಡ ತೀರಿಕೊಂಡರೆ ಬಾಡಿಗೆ ಹೆಂಡತಿಯ ಹೆಸರಿನಲ್ಲಿ ಮುಂದುವರಿಯುತ್ತದೆ. ವಿಚ್ಛೇದನವಾದರೆ ಮನೆ ಯಾರಿಗೆ ಉಳಿಯಬೇಕೆಂದು ನ್ಯಾಯಾಧೀಶರು ನಿರ್ಧರಿಸಬಹುದು, ಕರಾರಿನಲ್ಲಿ ಸಹಿ ಯಾರದ್ದಿತ್ತು ಎಂಬುದು ಕೊನೆಯ ಮಾತಲ್ಲ. ಬಾಡಿಗೆ ಕಟ್ಟುವ ಹೊಣೆಯೂ ಇಬ್ಬರದು ಎನ್ನಿ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ನನ್ನ ಚಿಕ್ಕಮ್ಮನ ಮಗಳು.

ಶಿವಮೊಗ್ಗೆಯಲ್ಲೇ ಬಾಡಿಗೆ ಮನೆಯಲ್ಲಿದ್ದಳು. ಇಬ್ಬರು ಮಕ್ಕಳು, ದೊಡ್ಡವಳು ಆಗ ಪಿಯುಸಿ. ಮನೆಗೆ ಸೇರುವಾಗ ಅಡ್ವಾನ್ಸಿಗೆ ಹಣ ಸಾಲದೆ ತನ್ನ ನಾಲ್ಕು ಬಳೆ ಅಡವಿಟ್ಟು ಕೊಟ್ಟಿದ್ದಳು. ಕರಾರು ಸಹಜವಾಗಿಯೇ ಗಂಡನ ಹೆಸರಿನಲ್ಲಿ. ನಾಲ್ಕು ವರ್ಷದ ನಂತರ ಗಂಡ ಬೇರೊಬ್ಬಳ ಜೊತೆ ಹೋದ. ಹೋದವನು ಓನರಿಗೆ ಫೋನು ಮಾಡಿ, ಮನೆ ಬಿಡುತ್ತಿದ್ದೇನೆ, ಅಡ್ವಾನ್ಸ್ ನನ್ನ ಖಾತೆಗೆ ಹಾಕಿ ಎಂದ. ಓನರು ಹಾಕಿದರು. ಇವಳಿಗೆ ತಿಳಿದದ್ದು ಹೊಸ ಬಾಡಿಗೆದಾರರು ಮನೆ ನೋಡಲು ಬಂದಾಗ. "ನಾನೇನು ಮಾಡಲಮ್ಮ, ಕರಾರು ಅವರ ಹೆಸರಲ್ಲಿದೆ. ನೀವು ಬೇಕಾದರೆ ತಿಂಗಳ ಕೊನೆವರೆಗೆ ಇರಿ" ಎಂದು ಓನರು ಉದಾರವಾಗಿ ಹೇಳಿದರು. ಅವರೇನೂ ದುಷ್ಟರಲ್ಲ, ಹಬ್ಬಕ್ಕೆ ಮಕ್ಕಳಿಗೆ ಹೋಳಿಗೆ ಕೊಡುತ್ತಿದ್ದವರೇ. ಜನ ಬಳಕೆ ಬೇಕಾದಷ್ಟಿತ್ತು. ವಠಾರಕ್ಕೆ ವಠಾರವೇ ಬಂದು ಕೂತು ಕಣ್ಣೀರು ಹಾಕಿತು, ಕಾಫಿ ಕುಡಿಯಿತು, "ಗಂಡಸು ದಿಕ್ಕಿಲ್ಲದ ಮೇಲೆ ಇಲ್ಲಿರೋದು ಕಷ್ಟ ಕಣೆ" ಎಂದು ಬುದ್ಧಿ ಹೇಳಿತು. ಆಮೇಲೆ ಅವಳು ಮನೆ ಹುಡುಕಿದಳಲ್ಲ, ಮೂರು ತಿಂಗಳು ತವರಿನ ನಡುಮನೆಯಲ್ಲಿ ಮಲಗಿಕೊಂಡು, ಆಗ ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ: "ಯಜಮಾನರು ಏನು ಮಾಡಿಕೊಂಡಿದ್ದಾರೆ?" ಹದಿನಾಲ್ಕು ಬಾಗಿಲು ತಟ್ಟಿದಳು. ಲೆಕ್ಕ ಅವಳದ್ದು, ನಾನು ಸೇರಿಸಿದ್ದಲ್ಲ. ಬಳೆ ಇವತ್ತಿಗೂ ಬಂದಿಲ್ಲ.

ನಮ್ಮಲ್ಲಿ ಕಾನೂನೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯಲ್ಲಿ, ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ, ಅದು ಬಾಡಿಗೆ ಮನೆಯಾದರೂ ಸರಿ, ಕರಾರಿನಲ್ಲಿ ಅವಳ ಹೆಸರಿಲ್ಲದಿದ್ದರೂ ಸರಿ. ಬಾಡಿಗೆ ಕಟ್ಟಿಕೊಡು ಎಂದು ಗಂಡನಿಗೆ ಮ್ಯಾಜಿಸ್ಟ್ರೇಟರು ಆದೇಶಿಸಲೂಬಹುದು. ಒಳ್ಳೆಯ ಕಾಯಿದೆ. ಆದರೆ ಅದನ್ನು ಬಳಸಬೇಕಾದರೆ ಅವಳು ಮೊದಲು ಹಿಂಸೆಗೊಳಗಾದವಳೆಂದು ದೂರು ಕೊಟ್ಟು ಕೋರ್ಟಿನ ಮೆಟ್ಟಿಲು ಹತ್ತಬೇಕು. ಸುಮ್ಮನೆ ಅಡುಗೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಇರುವವಳಿಗೆ, ಓನರಿನ ಎದುರು ನಿಂತು "ನಾನೂ ಬಾಡಿಗೆದಾರಳೇ" ಎನ್ನಲು ಅದು ಸಾಕಾಗುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಮಾಡಿತು. ವಾಸದ ಮನೆಗೆ ಎರಡು ತಿಂಗಳ ಮುಂಗಡ ಮೀರಬಾರದು, ಮಾಲೀಕರು ಒಳಗೆ ಬರಬೇಕಾದರೆ ಇಪ್ಪತ್ನಾಲ್ಕು ಗಂಟೆ ಮುಂಚೆ ತಿಳಿಸಬೇಕು ಎಂದೆಲ್ಲ ಅದರಲ್ಲಿದೆ. ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಕಾಗದ.

ಈಗ ಬಾಡಿಗೆ ಕೊಡುವವರ ಕಡೆಯ ಮಾತು. ನನಗೆ ಗೊತ್ತು, ಈ ಪುಸ್ತಕ ಓದುವವರಲ್ಲಿ ಎಷ್ಟೋ ಜನ ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆಯಲ್ಲಿ ಜೀವನ ಸಾಗಿಸುವವರು, ಅವರಲ್ಲೂ ಎಷ್ಟೋ ಜನ ಗಂಡನಿಲ್ಲದವರು. "ಕಾನೂನು ಬಾಡಿಗೆಯವರ ಕಡೆಗೇ ಇದ್ದರೆ ನಮ್ಮ ಗತಿ ಏನು? ಖಾಲಿ ಮಾಡದೆ ಕೂತರೆ ಕೋರ್ಟಿಗೆ ಹೋಗಿ ನಾವು ಮುದುಕಿಯರಾಗುತ್ತೇವೆ" ಎನ್ನುತ್ತಾರೆ. ಈ ಭಯ ನಿಜವಾದದ್ದು. ನೆದರ್ಲ್ಯಾಂಡ್ಸಿನಲ್ಲೂ 2024ರ ಕಾಯಿದೆ ಬಂದ ಮೇಲೆ, ಇಷ್ಟು ಬಾಡಿಗೆಗೆ ನಮಗೆ ಕಟ್ಟುವುದಿಲ್ಲ ಎಂದು ಎಷ್ಟೋ ಮಾಲೀಕರು ಮನೆ ಮಾರುತ್ತಿದ್ದಾರೆ. ಬಾಡಿಗೆ ಮನೆಗಳ ಅಭಾವ ಇನ್ನೂ ಬಿಗಿಯಾಗಿದೆ. ಅದನ್ನು ಮುಚ್ಚಿಡುವ ಹಂಗು ನನಗಿಲ್ಲ. ಆದರೆ ನಾನು ಕೇಳುವುದಿಷ್ಟೇ: ಬಾಡಿಗೆ ಕೊಡದವರನ್ನು, ಖಾಲಿ ಮಾಡದವರನ್ನು ಮನೆದೇವರ ಹೆಸರು ಕೇಳಿ ಕಂಡುಹಿಡಿಯಲು ಬರುತ್ತದೆಯೇ? ಮೊಟ್ಟೆ ತಿನ್ನದವರೆಲ್ಲ ಒಂದನೇ ತಾರೀಕಿಗೆ ಬಾಡಿಗೆ ಕೊಡುತ್ತಾರೆಯೇ? ಸಂಬಳದ ಚೀಟಿ ಕೇಳಿ, ಹಿಂದಿನ ಓನರಿನ ಹತ್ತಿರ ವಿಚಾರಿಸಿ, ಕರಾರು ನೋಂದಾಯಿಸಿ. ಅದು ನಿಮ್ಮ ಭಯಕ್ಕೆ ಮದ್ದು. ಒಗೆದು ಹಾಕಿದ ಬಟ್ಟೆ ಎಣಿಸುವುದು ಯಾವ ರೋಗಕ್ಕೂ ಮದ್ದಲ್ಲ.

ಇನ್ನು ಆ ಎರಡನೆಯ ಮಾತು, ಕಣ್ಣೀರಿನದು. ಇಲ್ಲಿಯ ಹಳ್ಳಿಯಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎಂಬುದೇ ಸುಳ್ಳು. ಬೀದಿಗಿರುವ ದೊಡ್ಡ ಕಿಟಕಿಗೆ ಇವರು ಪರದೆ ಎಳೆಯುವುದೇ ಅಪರೂಪ. ಸಂಜೆ ದೀಪ ಹಚ್ಚಿದರೆ ಇಡೀ ಸಂಸಾರ ಅಂಗಡಿಯ ಗಾಜಿನೊಳಗಿನ ಗೊಂಬೆಗಳ ಹಾಗೆ ಕಾಣುತ್ತದೆ. ಕಸದ ಡಬ್ಬಿಯನ್ನು ತಪ್ಪು ವಾರದಲ್ಲಿ ಹೊರಗಿಟ್ಟವರಿಗೆ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬಂದು ಹೇಳುತ್ತಾರೆ. ಹಸಿ ಕಸ ಯಾವ ವಾರ, ಕಾಗದ ಯಾವ ವಾರ ಎಂಬುದು ಇವರಿಗೆ ಏಕಾದಶಿ ದ್ವಾದಶಿಯ ಹಾಗೆ. ಪಕ್ಕದ ಮನೆಯಾಕೆ ನನ್ನನ್ನು ಹೆಸರಿಡಿದು ಕರೆಯುವುದಿಲ್ಲ, 'ಬ್ಯೂರ್‌ವ್ರೌ' ಎನ್ನುತ್ತಾರೆ, ನೆರೆಮನೆಯವಳೇ ಎಂದು. ಅವರ ಹುಟ್ಟುಹಬ್ಬಕ್ಕೆ ಹೋದರೆ ಅವರಿಗೆ ಮಾತ್ರವಲ್ಲ, ಗಂಡನಿಗೆ, ಮಗಳಿಗೆ, ಅತ್ತೆಗೆ, ಕೂತವರಿಗೆಲ್ಲ ಸರದಿಯಂತೆ ಅಭಿನಂದನೆ ಹೇಳಬೇಕು. ಅದೊಂದು ಬೇಸರದ ಕೆಲಸ. ಕಾರ್ನಿವಾಲ್ ಬಂದಾಗ ಈ ನಿಶ್ಶಬ್ದ ಹಳ್ಳಿಯಲ್ಲಿ ಮೂರು ದಿನ ಹಿತ್ತಾಳೆ ವಾದ್ಯದ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳಬೇಕು. ಇಷ್ಟೆಲ್ಲ ಇದ್ದೂ ಮಾಗಿಯಲ್ಲಿ ನಾಲ್ಕೂವರೆಗೆ ಕತ್ತಲಾದಾಗ ಮಾತಿಗೊಂದು ಜೀವ ಬೇಕೆನಿಸುವುದು ನಿಜ. ಬಂದ ತಾಯಂದಿರು ಅಳುವುದು ಸುಳ್ಳು ಅಳುವಲ್ಲ.

ಆದರೆ ಇಲ್ಲಿ ನನ್ನನ್ನು ನೋಡುವ ಕಣ್ಣುಗಳ ಕೈಯಲ್ಲಿ ನನ್ನ ಮನೆಯ ಬೀಗದಕೈ ಇಲ್ಲ. ಊರಿಗೆ ಬರುವಾಗ ಗಿಡಕ್ಕೆ ನೀರು ಹಾಕಲೆಂದು ಪಕ್ಕದಾಕೆಗೆ ಬೀಗದಕೈ ಕೊಟ್ಟು ಬಂದೆ, ಅದು ನಾನು ಕೊಟ್ಟದ್ದು. ಕಸದ ಡಬ್ಬಿಯ ವಿಷಯಕ್ಕೆ ಅವರು ಗದರಿದರೆ ನಾನೂ ಗದರಬಹುದು, ಗದರಿದ್ದೇನೆ ಕೂಡ. ನಾಳೆ ನಾನು ಮನೆಯಲ್ಲಿ ಒಬ್ಬಳೇ ಉಳಿದರೆ, ಯಾವ ಕಾರಣಕ್ಕೆ ಒಬ್ಬಳೇ ಉಳಿದೆ ಎಂದು ಊಹಿಸಲು ಊರಿಗೆ ಪೂರ್ತಿ ಸ್ವಾತಂತ್ರ್ಯವಿದೆ, ಬಿಡಿಸಲು ಇಲ್ಲ. ಬಾಡಿಗೆ ಕಟ್ಟುವವರೆಗೆ ನಾನು ಅಲ್ಲಿಯೇ ಇರಬಹುದು.

ಈ ಹಳ್ಳಿ ಸ್ವರ್ಗವೂ ಅಲ್ಲ. ಇಲ್ಲಿ ಹುಟ್ಟಿದ ಹುಡುಗಿಯರಿಗೇ ಇಲ್ಲಿ ಮನೆ ಸಿಗುವುದಿಲ್ಲ. 1901ರ ವಸತಿ ಕಾಯಿದೆಯಿಂದ ಬೆಳೆದ ವಸತಿ ಸಂಘಗಳ ಕೈಯಲ್ಲಿ ದೇಶದ ಮನೆಗಳ ಕಾಲುಭಾಗಕ್ಕಿಂತ ಹೆಚ್ಚು ಇವೆ, ಕಡಿಮೆ ಬಾಡಿಗೆಯವು. ಆದರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಪಕ್ಕದ ಮನೆಯ ಮಗಳಿಗೆ ಇಪ್ಪತ್ತೆಂಟು, ಪ್ರಾಥಮಿಕ ಶಾಲೆಯ ಶಿಕ್ಷಕಿ; ಅಟ್ಟದ ಕೋಣೆಯಲ್ಲೇ ಇದ್ದಾಳೆ. ನಮ್ಮಂಥವರು ಕಾರ್ಖಾನೆಯ ಸಂಬಳ ತೋರಿಸಿ ಮನೆ ಹಿಡಿಯುತ್ತೇವೆ. ಅವಳ ಒಬ್ಬಳ ಸಂಬಳ ಮೂರು ಪಟ್ಟಿಗೆ ಮುಟ್ಟುವುದಿಲ್ಲ. ಅಂಕಪಟ್ಟಿ ಮನೆಗಿದ್ದರೂ ಬಾಗಿಲಲ್ಲಿ ದುಡ್ಡಿನ ತಕ್ಕಡಿ ಇದ್ದೇ ಇದೆ. ಇದನ್ನು ಅವಳು ನನ್ನೆದುರೇ ಹೇಳಿದಳು, ಸಿಟ್ಟಿಲ್ಲದೆ, ನನ್ನ ಮನೆಯಲ್ಲೇ ಕೂತು ಚಕ್ಕುಲಿ ತಿನ್ನುತ್ತಾ. ಅದರ ಬಗ್ಗೆಯೂ ಇಲ್ಲಿಯವರು ಜಗಳವಾಡುತ್ತಿದ್ದಾರೆ, ಆಡಲಿ.

ನಮ್ಮ ಜಗಳ ನಾವು ಇನ್ನೂ ಶುರುವನ್ನೇ ಮಾಡಿಲ್ಲ. ಕಾನೂನು ಬರುವವರೆಗೆ 'ಇಬ್ಬರ ಹೆಸರೂ ಬರೆಸಿ' ಎಂದು ಹೇಳಲು ಯಾವ ಅಡ್ಡಿ? ಚಿಕ್ಕಮ್ಮನ ಮಗಳ ಆ ದೊಡ್ಡ ಹುಡುಗಿಗೆ ಈಗ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಮನೆ ಬದಲಿಸುವಾಗ ಫೋನು ಮಾಡಿದಳು. ಅಡ್ವಾನ್ಸಿನಲ್ಲಿ ಅರ್ಧ ಅವಳ ಸಂಬಳದ್ದು. ಕರಾರಿನಲ್ಲಿ ನಿನ್ನ ಹೆಸರೂ ಇರಲಿ, ನಿನ್ನ ಪಾಲಿನ ಹಣ ನಿನ್ನ ಖಾತೆಯಿಂದಲೇ ಹೋಗಲಿ, ರಸೀತಿಯಲ್ಲಿ ಅದು ಬರಲಿ ಎಂದೆ. ಗಂಡ ಒಳ್ಳೆಯ ಹುಡುಗ, ತಕ್ಷಣ ಒಪ್ಪಿದ. ಓನರಮ್ಮ ಮಾತ್ರ ಅವಳನ್ನು ಒಳಗೆ ಕರೆದು, ತಗ್ಗಿದ ದನಿಯಲ್ಲಿ, "ಯಾಕಮ್ಮ, ಮನೆಯಲ್ಲಿ ಏನಾದರೂ ತೊಂದರೆಯಾ?" ಎಂದು ಕೇಳಿದರಂತೆ. "ತೊಂದರೆ ಏನೂ ಇಲ್ಲ ಆಂಟಿ, ಅದಕ್ಕೇ ಈಗ ಬರೆಸ್ತಿದೀನಿ" ಎಂದಳಂತೆ.

ಆಮೇಲೆ ಛಾಪಾ ಕಾಗದದ ಅಂಗಡಿಗೆ ಹೋದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಸಿದ್ಧ ನಮೂನೆ ಇತ್ತು. ಬಾಡಿಗೆದಾರರು ಎಂದಿದ್ದ ಕಡೆ "ಶ್ರೀ", ಖಾಲಿ ಜಾಗ, "ಬಿನ್", ಮತ್ತೆ ಖಾಲಿ ಜಾಗ. ಅಷ್ಟೇ. "ಎರಡನೇ ಹೆಸರಿಗೆ ಇದರಲ್ಲಿ ಜಾಗ ಇಲ್ಲ ಮೇಡಂ" ಎಂದ ಹುಡುಗ. ಜಾಗ ಮಾಡಿ ಎಂದಳು. ಒಂದು ಸಾಲು ಕೆಳಗೆ ತಳ್ಳಿ, "ಮತ್ತು ಶ್ರೀಮತಿ" ಎಂದು ಟೈಪು ಮಾಡಿ, ಇಪ್ಪತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡ.